ಕರೆಯೋಕೆ ಎಲ್ಲರೂ ಇದ್ದಾರೆ, ಕೇಳೋಕೆ ಯಾರಿದ್ದಾರೆ?

(1/9)

ಫೋಟೋ ನಮ್ಮನೆ ಅಡಿಕೆ ತೋಟದ್ದು. ಸ್ವಲ್ಪ ಝೂಮ್ ಮಾಡಿ, ಎರಡು ಮರದ ನಡುವೆ ಒಂದು ತೆಳು ತಂತಿ ಕಾಣುತ್ತೆ. ಬಟ್ಟೆ ಒಣಗಿಸೋದಕ್ಕೆ ಕಟ್ಟಿದ್ದಲ್ಲ, ಅದು ನನ್ನ ಆಂಟೆನಾ.

ಗುಡವಿ ಅಂದ್ರೆ ಎಲ್ಲರಿಗೂ ಪಕ್ಷಿಧಾಮ. ಕಾಲೇಜಲ್ಲಿ ಊರ ಹೆಸರು ಹೇಳಿದ ತಕ್ಷಣ "ಓ, ಹಕ್ಕಿ ಊರು" ಅಂತಾರೆ. ತಪ್ಪೇನಿಲ್ಲ. ಮಳೆಗಾಲದಲ್ಲಿ ಕೆರೆಯ ಮರಗಳ ಮೇಲೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಕೂತಿರೋದನ್ನ ನೋಡಿದೋರು ಬೇರೇನು ಹೇಳ್ತಾರೆ? ಆದ್ರೆ ಈ ಸರಣಿ ಹಕ್ಕಿದಲ್ಲ, ರೇಡಿಯೋದು. ಹಳೇ ಫಾಲೋವರ್ಸ್‌ಗೆ ಗೊತ್ತು.

ಇಷ್ಟು ದಿನ ಇಲ್ಲಿ ಗೆದ್ದಿದ್ದನ್ನೇ ಹಾಕಿದೀನಿ. ಜಪಾನ್ ಸಿಕ್ತು, ಇಟಲಿ ಸಿಕ್ತು, ಚಂದದ ಕ್ಯೂಎಸ್‌ಎಲ್ ಕಾರ್ಡ್ ಬಂತು ಅಂತ. ಸೋತಿದ್ದನ್ನ ಹಾಕಿರಲಿಲ್ಲ. ಇವತ್ತು ಅದನ್ನೂ ಹಾಕ್ತೀನಿ, ಯಾಕಂದ್ರೆ ಹೋದ ಮಳೆಗಾಲದಿಂದ ಒಂದು ಮಾತು ತಲೇಲಿ ಕೊರೀತಾ ಇದೆ.

ಮಾತು ಇಷ್ಟೇ. "ಹ್ಯಾಮ್ ರೇಡಿಯೋ ಆಪತ್ತಿಗೆ ಆಗುತ್ತೆ" ಅಂತ ನಾವು ಹ್ಯಾಮ್‌ಗಳು ಹೋದಲ್ಲಿ ಬಂದಲ್ಲಿ ಹೇಳ್ತೀವಿ. ಅದು ಅರ್ಧ ಮಾತ್ರ ನಿಜ. ಆಪತ್ತಿಗೆ ಆಗೋದು ಆ ಕಡೆ ಕೇಳ್ತಾ ಕೂತಿರೋ ಮನುಷ್ಯ. ಅವರು ಇಲ್ಲದಿದ್ರೆ ಎಷ್ಟೇ ದುಡ್ಡಿನ ಸೆಟ್ ಇದ್ರೂ ಅದು ಒಂದು ಡಬ್ಬಿ. ಯಾಕೆ ಹಿಂಗಂತೀನಿ ಅಂತ ಮುಂದಿನ ಪೋಸ್ಟ್‌ಗಳಲ್ಲಿ ಓದಿ.

(2/9)

ಹೊಸಬರಿಗೆ ಮೊದಲು ನಾಲ್ಕು ಮಾತು.

ಹ್ಯಾಮ್ ರೇಡಿಯೋ ಅಂದ್ರೆ ಹವ್ಯಾಸಿ ರೇಡಿಯೋ. ಟವರ್ ಬೇಡ, ಸಿಮ್ ಬೇಡ, ರೀಚಾರ್ಜ್ ಬೇಡ. ನನ್ನ ತಂತಿಯಿಂದ ಹೊರಟ ಅಲೆ ನೇರವಾಗಿ ಇನ್ನೊಬ್ಬರ ತಂತಿಗೆ ಸೇರುತ್ತೆ. ಆದ್ರೆ ಲೈಸೆನ್ಸ್ ಬೇಕೇ ಬೇಕು. ಅದನ್ನ ಕೊಡೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. 12 ವರ್ಷ ತುಂಬಿದ ಯಾರು ಬೇಕಾದ್ರೂ ಪರೀಕ್ಷೆ ಬರೀಬಹುದು. ಎರಡು ದರ್ಜೆ ಇದೆ: ರಿಸ್ಟ್ರಿಕ್ಟೆಡ್, ಜನರಲ್. ಜನರಲ್‌ಗೆ ಮೋರ್ಸ್ ಕೋಡ್ ಕಲೀಬೇಕು, ನಿಮಿಷಕ್ಕೆ 8 ಪದ. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಬೇಡ. ನನ್ನದು ರಿಸ್ಟ್ರಿಕ್ಟೆಡ್, ಹಾಗಾಗಿ ಕಾಲ್‌ಸೈನ್ 'ವಿಯು3'ಯಿಂದ ಶುರುವಾಗುತ್ತೆ.

ಪರೀಕ್ಷೆಗೆ ಬಸ್ಸಲ್ಲಿ ಹೋಗಿ ಬಸ್ಸಲ್ಲಿ ಬಂದೆ. ಲೈಸೆನ್ಸ್ ಕೈಗೆ ಬರೋ ತನಕ ಕಾದೆ. ಆ ಕಾಯೋ ತಿಂಗಳುಗಳಲ್ಲಿ ಮಾಡಿದ್ದು ಒಂದೇ ಕೆಲಸ, ಕೇಳೋದು. ಅದೂ ಮೊಬೈಲಲ್ಲಿ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಒಂದು ವೆಬ್‌ಎಸ್‌ಡಿಆರ್ ಇದೆ, ಅಂದ್ರೆ ಬ್ರೌಸರಲ್ಲಿ ಯಾರು ಬೇಕಾದ್ರೂ ತಿರುಗಿಸಿ ಕೇಳಬಹುದಾದ ರೇಡಿಯೋ. ಹಾಸ್ಟೆಲ್ ಮಂಚದ ಮೇಲೆ ಇಯರ್‌ಫೋನ್ ಹಾಕ್ಕೊಂಡು ಯುರೋಪಿನ ಅಜ್ಜಂದಿರು ಮಂಡಿ ನೋವಿನ ಬಗ್ಗೆ ಮಾತಾಡೋದನ್ನ ಕೇಳ್ತಾ ಇದ್ದೆ. ರೂಮ್‌ಮೇಟ್ ನನಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ಲು.

ಹಿಂದಿರುಗಿ ನೋಡಿದ್ರೆ ಈ ಹವ್ಯಾಸದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ. ಆಮೇಲೆ ಕೈಗೆ ಮೈಕ್ ಬಂತು, ಕೇಳೋದನ್ನ ಮರೆತೆ.

(3/9)

ಈಗ ಎಡವಟ್ಟುಗಳು. ಸ್ವೈಪ್ ಮಾಡಿ, ಎಲ್ಲದರ ಫೋಟೋ ಇದೆ.

ಒಂದು. 40 ಮೀಟರ್ ಬ್ಯಾಂಡ್, ಅಂದ್ರೆ 7 ಮೆಗಾಹರ್ಟ್ಸ್ ಹತ್ತಿರದ ಆಂಟೆನಾಕ್ಕೆ ಒಟ್ಟು ಸುಮಾರು 20 ಮೀಟರ್ ತಂತಿ ಬೇಕು. ಮದ್ದು ಹೊಡೆಯೋಕೆ ಮರ ಹತ್ತಿದೋರ ಹತ್ರ ಬೇಡಿಕೊಂಡು ಎರಡು ಅಡಿಕೆ ಮರಕ್ಕೆ ಬಿಗಿಯಾಗಿ ಕಟ್ಟಿಸಿದೆ. ಅವರು ಕೆಳಗಿಳಿದು, "ತಂಗೀ, ಇದು ಗಾಳಿಗೆ ನಿಲ್ಲಲ್ಲ" ಅಂದ್ರು. ನಾನು ಎಲೆಕ್ಟ್ರಾನಿಕ್ಸ್ ಓದ್ತಿರೋಳು, ಅವರ ಮಾತು ಯಾಕೆ ಕೇಳಲಿ? ಮೊದಲ ಗಾಳಿಗೇ ಎರಡು ಮರ ಎರಡು ದಿಕ್ಕಿಗೆ ಬಾಗಿದ್ವು, ತಂತಿ ಪಟ್ ಅಂತ ಹರೀತು. ಈಗ ಒಂದು ತುದಿಗೆ ರಾಟೆ ಹಾಕಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಿದೀನಿ. ಮರ ಬಾಗಿದ್ರೆ ಕಲ್ಲು ಮೇಲೇರುತ್ತೆ, ತಂತಿ ಉಳಿಯುತ್ತೆ.

ಎರಡು. ನನ್ನ ಬೆಸುಗೆ. ಹೊರಗಿಂದ ಬೆಳ್ಳಿ ಥರ ಹೊಳೀತಿತ್ತು, ಒಳಗೆ ಒಂದು ಕೂದಲೆಳೆ ತಂತಿ ಪಕ್ಕಕ್ಕೆ ತಾಗಿ ಶಾರ್ಟ್ ಆಗಿತ್ತು. ಹುಡುಕೋಕೆ ನಾಲ್ಕು ದಿನ ಬೇಕಾಯ್ತು.

ಮೂರು. ರೇಡಿಯೋದಲ್ಲಿ ಸೆಕೆಂಡಿಗೊಂದು ಸಲ ಟಕ್, ಟಕ್, ಟಕ್. ಸೆಟ್ ಕೆಟ್ಟಿದೆ ಅಂತ ಅಳೋ ಹಾಗಾಗಿತ್ತು. ಆಮೇಲೆ ಗೊತ್ತಾಯ್ತು, ಹಂದಿ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯಲ್ಲಿ ಹುಲ್ಲು ತಾಗಿ ಕಿಡಿ ಹಾರ್ತಿತ್ತು. ಹುಲ್ಲು ಸವರಿದ ಮೇಲೆ ಸದ್ದೂ ನಿಂತ್ತು, ಬೇಲಿಯೂ ಸರಿಯಾಯ್ತು. ದೊಡ್ಡಪ್ಪ ನನ್ನ ರೇಡಿಯೋವನ್ನ ಹೊಗಳಿದ ಮೊದಲ ಸಲ ಅದು.

ನಾಲ್ಕು. ಮೈಕಿನ ಗುಂಡಿ ಒತ್ತಿದ ಹಾಗೇ ಸಿಕ್ಕಿಕೊಂಡಿದ್ದು ಗೊತ್ತಾಗಲಿಲ್ಲ. ಬೆಳಗಿನ ನೆಟ್‌ನಲ್ಲಿ ಇದ್ದೋರೆಲ್ಲ ಎರಡು ನಿಮಿಷ ನಮ್ಮಮ್ಮನ್ನ ಕೇಳಿದ್ರು: "ದನಕ್ಕೆ ಅಕ್ಕಚ್ಚು ಇಟ್ಯೇನೇ? ಬೆಳಗಾದ್ರೆ ಆ ಡಬ್ಬಿ ಮುಂದೆ ಕೂರ್ತೀಯಲ್ಲ!" ಗುಂಡಿ ಬಿಟ್ಟ ಕೂಡಲೇ ಒಬ್ಬರು ಕೇಳಿದ್ರು, "ಅಕ್ಕಚ್ಚು ಇಟ್ರೇನಮ್ಮಾ?"

(4/9)

ಗೆದ್ದಿದ್ದೂ ಇದೆ, ಇಲ್ಲ ಅನ್ನಲ್ಲ.

ಮೊದಲ ಸಂಪರ್ಕ ಒಂದು ಭಾನುವಾರ ಬೆಳಿಗ್ಗೆ. ನನ್ನ ಕಾಲ್‌ಸೈನ್ ಹೇಳೋವಾಗ ಗಂಟಲು ಒಣಗಿತ್ತು. ಮೈಸೂರು ಕಡೆಯ ಹಿರಿಯರೊಬ್ಬರು ಉತ್ತರ ಕೊಟ್ರು. ಊರು ಯಾವುದು ಅಂತ ಕೇಳಿದ್ರು. "ಗುಡವಿ ಸರ್, ಸೊರಬ ತಾಲೂಕು" ಅಂದೆ. ಒಂದು ಕ್ಷಣ ಬರೀ ಗೊರಗೊರ ಸದ್ದು. ಆಮೇಲೆ, "ಹಕ್ಕಿ ಬಂದಿದಾವೇನಮ್ಮಾ ಈ ಸಲ?" ಅಲ್ಲಿಗೂ ಹಕ್ಕಿ ಬಿಡಲಿಲ್ಲ ನೋಡಿ!

ಇನ್ನೊಂದು, ಅಂತರಿಕ್ಷ ನಿಲ್ದಾಣ. ಅದರಲ್ಲೊಂದು ಹ್ಯಾಮ್ ರಿಪೀಟರ್ ಇದೆ. ಕೆಳಗಿಂದ 145.990ರಲ್ಲಿ ಹೇಳಿದ್ದನ್ನ 437.800 ಮೆಗಾಹರ್ಟ್ಸ್‌ನಲ್ಲಿ ವಾಪಸ್ ಕೆಳಕ್ಕೆ ಬಿಡುತ್ತೆ. ಸುಮಾರು 400 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಹೋಗ್ತಿರುತ್ತೆ. ನಮ್ಮ ತಲೆ ಮೇಲೆ ಸಿಗೋದು ಹೆಚ್ಚಂದ್ರೆ ಹತ್ತು ನಿಮಿಷ. ಬರೋವಾಗ ಫ್ರೀಕ್ವೆನ್ಸಿ ಸ್ವಲ್ಪ ಮೇಲೆ, ಹೋಗೋವಾಗ ಸ್ವಲ್ಪ ಕೆಳಗೆ ಸರಿಯುತ್ತೆ, ನಾವೂ ಜೊತೆಗೆ ತಿರುಗಿಸ್ತಾ ಇರಬೇಕು. ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪ್ ಕತ್ತರಿಸಿ ಕಟ್ಟಿದ ಆಂಟೆನಾ ಹಿಡಿದು ಕಣದಲ್ಲಿ ನಿಂತಿದ್ದೆ. ಆರನೇ ಪ್ರಯತ್ನದಲ್ಲಿ ಚೆನ್ನೈ ಕಡೆಯೋರು ಒಬ್ಬರು ನನ್ನ ಕಾಲ್‌ಸೈನ್ ವಾಪಸ್ ಹೇಳಿದ್ರು. ನಾನು ಕುಣಿದಾಡಿದ ವಿಡಿಯೋ ಹಳೇ ಪೋಸ್ಟಲ್ಲಿದೆ. 2025ರ ಜುಲೈ 4ಕ್ಕೆ ಶುಭಾಂಶು ಶುಕ್ಲಾ ಅದೇ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೋರ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೋದಲ್ಲೇ.

ಇದನ್ನೆಲ್ಲ ಕ್ಲಾಸಲ್ಲಿ ಹೇಳಿಕೊಂಡು ಓಡಾಡ್ತಿದ್ದೆ. "ನೆಟ್‌ವರ್ಕ್ ಹೋದ್ರೆ ನೀವೆಲ್ಲ ಕೂತಿರಿ, ನಾನು ಇಡೀ ಜಿಲ್ಲೆಗೆ ಸುದ್ದಿ ಮುಟ್ಟಿಸ್ತೀನಿ" ಅಂತ ಒಂದು ರೀಲ್ ಕೂಡ ಮಾಡಿದ್ದೆ. ಆ ರೀಲ್ ಈಗ ಇಲ್ಲ, ಡಿಲೀಟ್ ಮಾಡಿದೀನಿ. ಕಾರಣ ಮುಂದಿನ ಪೋಸ್ಟ್.

(5/9)

ಹೋದ ವರ್ಷದ ಪುಷ್ಯ ಮಳೆ. ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಮೊಬೈಲ್ ಸಿಗ್ನಲ್ಲೂ ಹೋಯ್ತು. ಮಲೆನಾಡಿನೋರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಮೂರನೇ ರಾತ್ರಿ ಹತ್ತೂಮುಕ್ಕಾಲಿಗೆ ದೊಡ್ಡಮ್ಮನಿಗೆ ಉಬ್ಬಸ ಜೋರಾಯ್ತು. ಮನೇಲಿ ನೆಬ್ಯುಲೈಸರ್ ಇದೆ, ಕರೆಂಟ್ ಇಲ್ಲ. ದೊಡ್ಡಪ್ಪ ನನ್ನ ಮುಖ ನೋಡಿದ್ರು. "ಕೂಗೇ ನಿನ್ನ ರೇಡಿಯೋದಲ್ಲಿ. ಸೊರಬದಲ್ಲಿ ಯಾರಿಗಾದ್ರೂ ಹೇಳು, ಗಾಡಿ ಕಳಿಸಲಿ."

ಓಡಿ ಹೋಗಿ ಸೆಟ್ ಹಾಕಿದೆ. ಬ್ಯಾಟರಿ 10.9 ವೋಲ್ಟ್. ಮೈಕ್ ಒತ್ತಿದ ತಕ್ಷಣ ಸೆಟ್ ಆಫ್ ಆಗ್ತಿತ್ತು. ಚಾರ್ಜ್ ಮಾಡಿ ಎಷ್ಟು ದಿನ ಆಗಿತ್ತೋ, ನನಗೇ ನೆನಪಿರಲಿಲ್ಲ. ಪವರನ್ನ 5 ವ್ಯಾಟಿಗೆ ಇಳಿಸಿದ ಮೇಲೆ ನಿಂತ್ತು. 7 ಮೆಗಾಹರ್ಟ್ಸ್‌ನಲ್ಲಿ ಕರೆದೆ. ಎಮರ್ಜೆನ್ಸಿ ಅಂತ ಹೇಳಿ ಹೇಳಿ ಕರೆದೆ. ಇಂಡೋನೇಷ್ಯಾದೋರು ಪಕ್ಕದ ಮನೆಯಲ್ಲಿ ಕೂತ ಹಾಗೆ ಸ್ಪಷ್ಟವಾಗಿ ಕೇಳ್ತಿದ್ರು. ನನ್ನ ಧ್ವನಿ ಅವರಿಗೆ ಮುಟ್ಟಲಿಲ್ಲ. ಶಿವಮೊಗ್ಗ ಇಲ್ಲ, ಹುಬ್ಬಳ್ಳಿ ಇಲ್ಲ, ಬೆಂಗಳೂರು ಇಲ್ಲ. ಕೈ ಸೆಟ್ಟಲ್ಲಿ 145.500ರಲ್ಲೂ ಕರೆದೆ. ಗೊರಗೊರ ಬಿಟ್ರೆ ಏನೂ ಇಲ್ಲ.

ನಾನು ಕರೀತಾ ಇದ್ದ ಹಾಗೇ ಪಕ್ಕದ ಮನೆ ಅಣ್ಣ ಟ್ರಾಕ್ಟರ್ ತಂದ್ರು. ಹಳ್ಳದ ನೀರು ರಸ್ತೆ ಮೇಲೆ ಹರೀತಿತ್ತು. ದೊಡ್ಡಮ್ಮನ್ನ ಹಿಂದೆ ಕೂರಿಸಿ, ಪ್ಲಾಸ್ಟಿಕ್ ಹೊದಿಸಿ, ಸೊರಬದ ತನಕ ಸುಮಾರು 16 ಕಿ.ಮೀ. ಹೋದ್ರು. ಅಮ್ಮ ಜೊತೆಗೆ ಹೋದ್ರು. ದೊಡ್ಡಮ್ಮ ಉಳಿದ್ರು, ಈಗ ಆರಾಮಾಗಿದಾರೆ. ಈ ಪೋಸ್ಟ್ ಹಾಕೋಕೆ ಒಪ್ಪಿಗೆ ಕೊಟ್ಟಿದ್ದೂ ಅವರೇ.

ಫೋಟೋದಲ್ಲಿರೋದು ಆ ರಾತ್ರಿಯ ಲಾಗ್ ಪುಟ. ಸಮಯ, ಫ್ರೀಕ್ವೆನ್ಸಿ, "ಕರೆದೆ", "ಉತ್ತರ ಇಲ್ಲ". ಹದಿನಾಲ್ಕು ಸಾಲು.

(6/9)

ಬೆಳಿಗ್ಗೆ ದೊಡ್ಡಪ್ಪ ಚಾ ಕುಡೀತಾ ಕೇಳಿದ್ರು. "ನಿನ್ನ ಡಬ್ಬಿಗೆ ಎಲ್ಲರದ್ದೂ ಕೇಳಿಸ್ತು. ನಮ್ದು ಯಾರಿಗೂ ಕೇಳಿಸಲಿಲ್ಲ, ಅಲ್ಲನಾ?" ಹಂಗಿಸೋಕೆ ಹೇಳಿದ ಮಾತಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ದು. ಉತ್ತರ ಹುಡುಕೋಕೆ ನನಗೆ ವಾರ ಬೇಕಾಯ್ತು. ಮೂರು ಕಾರಣ ಸಿಕ್ತು.

ಮೊದಲನೇದು ಬ್ಯಾಟರಿ. ಅದು ಪೂರ್ತಿ ನನ್ನ ತಪ್ಪು.

ಎರಡನೇದು ಆಕಾಶ. ಹಗಲಲ್ಲಿ ಬಿಸಿಲಿಗೆ ಮೇಲಿನ ಅಯಾನುಗೋಳ ದಟ್ಟವಾಗಿರುತ್ತೆ. 7 ಮೆಗಾಹರ್ಟ್ಸ್ ಅಲೆ ಹೆಚ್ಚುಕಮ್ಮಿ ನೆಟ್ಟಗೆ ಮೇಲೆ ಹೋದ್ರೂ ವಾಪಸ್ ಬಂದು ಇನ್ನೂರು, ಮುನ್ನೂರು ಕಿ.ಮೀ. ಒಳಗೆ ಬೀಳುತ್ತೆ. ಹಗಲಲ್ಲಿ ಬೆಂಗಳೂರು ಸಿಗೋದು ಅದಕ್ಕೇ. ರಾತ್ರಿ ಆ ಪದರ ತೆಳುವಾಗುತ್ತೆ. ನೆಟ್ಟಗೆ ಹೋದ ಅಲೆ ತೂರಿಕೊಂಡು ಹೋಗಿಬಿಡುತ್ತೆ, ಓರೆಯಾಗಿ ಹೋದದ್ದು ಮಾತ್ರ ತಿರುಗಿ ದೂರದಲ್ಲೆಲ್ಲೋ ಬೀಳುತ್ತೆ. ಹಾಗಾಗಿ ಇಂಡೋನೇಷ್ಯಾ ಕೇಳಿಸುತ್ತೆ, ಶಿವಮೊಗ್ಗ ಕೇಳಿಸಲ್ಲ. ಹತ್ತಿರದೋರ ಜೊತೆ ರಾತ್ರಿ ಮಾತಾಡೋಕೆ ಕೆಳಗಿನ 80 ಮೀಟರ್ ಬ್ಯಾಂಡ್, ಅಂದ್ರೆ ಮೂರೂವರೆ ಮೆಗಾಹರ್ಟ್ಸ್ ಬೇಕು. ಪರೀಕ್ಷೆಗೆ ಇದನ್ನೇ ಓದಿ ಪಾಸಾಗಿದ್ದೆ. ಆದ್ರೆ ಅದಕ್ಕೆ 40 ಮೀಟರ್ ತಂತಿ ಎಳೆಯೋಕೆ ಸೋಮಾರಿತನ ಮಾಡಿದ್ದೆ. 80 ಮೀಟರಲ್ಲಿ ಜಪಾನ್ ಸುಲಭಕ್ಕೆ ಸಿಗಲ್ಲ, ಪೋಸ್ಟ್ ಹಾಕೋಕೆ ಏನೂ ಇರಲ್ಲ ಅಲ್ವಾ?

ಮೂರನೇದು ದೊಡ್ಡದು. ಬ್ಯಾಟರಿ ತುಂಬಿದ್ರೂ, ಸರಿಯಾದ ಬ್ಯಾಂಡಲ್ಲಿದ್ರೂ, ಆ ಹೊತ್ತಲ್ಲಿ ಯಾರು ಕೇಳ್ತಿದ್ರು? ಸೊರಬದಲ್ಲಿ ನನಗೆ ಗೊತ್ತಿರೋ ಒಬ್ಬ ಹ್ಯಾಮೂ ಇಲ್ಲ. ಶಿಕಾರಿಪುರದಲ್ಲೂ ಇಲ್ಲ. ಇಂಥ ಹೊತ್ತಿಗೆ ಇಂಥ ಕಡೆ ಕೇಳ್ತೀನಿ ಅಂತ ನನಗೆ ಮಾತು ಕೊಟ್ಟೋರು ಯಾರೂ ಇರಲಿಲ್ಲ. ನಾನೂ ಯಾರಿಗೂ ಆ ಮಾತು ಕೊಟ್ಟಿರಲಿಲ್ಲ.

(7/9)

ಹ್ಯಾಮ್‌ಗಳು ಯಾವಾಗ್ಲೂ ಹೇಳೋ ಒಂದು ಕಥೆ ಇದೆ, ನಿಜವಾದದ್ದು. 2004ರ ಡಿಸೆಂಬರ್. ಹೈದರಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ತಂಡದ ಜೊತೆ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಪೋರ್ಟ್ ಬ್ಲೇರ್‌ಗೆ ಹೋಗಿದ್ರು. ಅಂಡಮಾನಿನಿಂದ ಹ್ಯಾಮ್ ರೇಡಿಯೋ ಕೇಳಿ ಬಹಳ ವರ್ಷ ಆಗಿತ್ತು. ಪ್ರಪಂಚದ ಹ್ಯಾಮ್‌ಗಳೆಲ್ಲ ಅವರ ಸಂಪರ್ಕಕ್ಕೆ ಮುಗಿಬಿದ್ರು. 26ನೇ ತಾರೀಖು ಸುನಾಮಿ ಬಂತು. ಅವರು ಹವ್ಯಾಸದ ಮಾತು ನಿಲ್ಲಿಸಿ, ದ್ವೀಪದ ಸುದ್ದಿಯನ್ನ ಹೊರಗಿನೋರಿಗೆ ಮುಟ್ಟಿಸೋ ಕೆಲಸಕ್ಕೆ ಕೂತ್ರು. ಎಷ್ಟೋ ಮನೆಯೋರಿಗೆ ತಮ್ಮೋರು ಬದುಕಿದ್ದಾರೆ ಅಂತ ಗೊತ್ತಾಗಿದ್ದು ಹಾಗೆ.

ಈ ಕಥೇನ ನಾವು ಅವರ ಧೈರ್ಯಕ್ಕೋಸ್ಕರ ಹೇಳ್ತೀವಿ. ಹೇಳಲೇಬೇಕು. ಆದ್ರೆ ಈಗ ನನಗೆ ಅದರಲ್ಲಿ ಇನ್ನೊಂದು ಕಾಣುತ್ತೆ. ಸುನಾಮಿಗೆ ಮೊದಲು ಮೂರು ವಾರ ಅವರು ದಿನಾ ಗಾಳಿಯಲ್ಲಿ ಇದ್ರು. ಅಲೆ ಬಂದ ದಿನ ಆ ಕಡೆ ಜನ ಮೊದಲೇ ಕಿವಿ ಕೊಟ್ಟು ಕೂತಿದ್ರು. ಅವತ್ತೇ ಮೊದಲ ಸಲ ಸೆಟ್ ಹಾಕಿ ಕರೆದಿದ್ರೆ? ನನ್ನ ಹದಿನಾಲ್ಕು ಸಾಲಿನ ಕಥೆಯೇ ಆಗ್ತಿತ್ತೇನೋ.

ನಮ್ಮದೇ ಇನ್ನೊಂದು ಉದಾಹರಣೆ. 1935ರ ಸೆಪ್ಟೆಂಬರ್ 10ರಂದು ಮೈಸೂರಲ್ಲಿ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ 'ಆಕಾಶವಾಣಿ' ಶುರು ಮಾಡಿದ್ರು. ಬರೀ 30 ವ್ಯಾಟ್ ಟ್ರಾನ್ಸ್‌ಮಿಟರ್. ನನ್ನ ದರ್ಜೆಯ ಲೈಸೆನ್ಸ್‌ಗೇ 50 ವ್ಯಾಟ್ ತನಕ ಅವಕಾಶ ಇದೆ. ಅಷ್ಟು ಸಣ್ಣ ಶಕ್ತಿಯ ನಿಲಯಕ್ಕೆ ಹೆಸರು ಬಂದಿದ್ದು ವ್ಯಾಟಿನಿಂದ ಅಲ್ಲ, ಹೊತ್ತಿಗೆ ಸರಿಯಾಗಿ ಕೂತು ಕೇಳಿದ ಜನರಿಂದ.

(8/9)

ಡಿಎಂನಲ್ಲಿ ಬರೋ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಹೇಳಿಬಿಡ್ತೀನಿ.

"ಇನ್ನೆರಡು ವರ್ಷಕ್ಕೆ ಫೋನೇ ಸ್ಯಾಟಲೈಟಿಗೆ ಸೇರುತ್ತೆ, ಇದೆಲ್ಲ ಯಾಕೆ?" ಸೇರಲಿ, ನನಗೂ ಖುಷಿನೇ. ನನ್ನ ರೇಡಿಯೋ ಇದೆ ಅಂತ ಟವರ್ ಕೇಳೋದನ್ನ ಯಾರೂ ಬಿಡಬೇಡಿ. ನಮ್ಮ ಜಿಲ್ಲೆಯ ಹಳ್ಳಿಗಳೋರು "ನೆಟ್‌ವರ್ಕ್ ಇಲ್ಲ ಅಂದ್ರೆ ವೋಟ್ ಇಲ್ಲ" ಅಂತ ಅಭಿಯಾನ ಮಾಡಿದ್ದು ಸುಮ್ನೆ ಅಲ್ಲ. ಹವ್ಯಾಸ ಯಾವತ್ತೂ ಸೌಲಭ್ಯಕ್ಕೆ ಬದಲಿ ಅಲ್ಲ. ಎಲ್ಲ ಕೈ ಕೊಟ್ಟ ರಾತ್ರಿಗೆ ಇನ್ನೊಂದು ದಾರಿ ಇರಲಿ, ಅಷ್ಟೇ.

"ಆನ್‌ಲೈನಲ್ಲಿ ಕಮ್ಮಿ ರೇಟಿಗೆ ವಾಕಿಟಾಕಿ ಸಿಗುತ್ತೆ, ಲಿಂಕ್ ಕಳ್ಸು." ಕಳಿಸಲ್ಲ. ಲೈಸೆನ್ಸ್ ಇಲ್ಲದೆ ಅದನ್ನ ಒತ್ತೋದು ಅಪರಾಧ. ಹಾಗೆ ಬೇಕಾಬಿಟ್ಟಿ ಮಾರೋದರ ಮೇಲೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟು, ಮಾರ್ಗಸೂಚಿ ತಂದಿದೆ. ಕಾನೂನು ಪಕ್ಕಕ್ಕಿಡಿ. ಏನೂ ಗೊತ್ತಿಲ್ಲದೆ ಒತ್ತಿದ ಗುಂಡಿ ಯಾರ ಕೆಲಸದ ಮಾತಿಗೆ ಅಡ್ಡ ಬರುತ್ತೋ ನಮಗೆ ತಿಳಿಯಲ್ಲ. ಆ ರಾತ್ರಿ ನಾನು ಕರೀತಿದ್ದ ಹೊತ್ತಲ್ಲಿ ಯಾರೋ ಅದೇ ಫ್ರೀಕ್ವೆನ್ಸೀಲಿ ಹಾಡು ಹಾಕಿದ್ರೆ?

"ಅಡಿಕೆ ರೇಟ್ ಕೇಳಬಹುದಾ ಇದರಲ್ಲಿ?" ಇದು ದೊಡ್ಡಪ್ಪನ ಪ್ರಶ್ನೆ. ಇಲ್ಲ ದೊಡ್ಡಪ್ಪ. ವ್ಯಾಪಾರದ ಮಾತು ಹ್ಯಾಮ್‌ನಲ್ಲಿ ನಿಷಿದ್ಧ.

"ದುಬಾರಿ ಹವ್ಯಾಸ ಅಲ್ವಾ?" ಹೌದು, ಸೆಟ್ಟಿಗೆ ದುಡ್ಡು ಬೇಕು. ನನ್ನದು ಒಬ್ಬ ಹಿರಿಯ ಹ್ಯಾಮ್ ಬಳಸಿ ಕೊಟ್ಟ ಹಳೇ ಸೆಟ್. ಆಂಟೆನಾಕ್ಕೆ ಬರೀ ತಂತಿ. ಕೇಳೋದಕ್ಕೆ ಮಾತ್ರ ಏನೂ ಖರ್ಚಿಲ್ಲ, ಇಂಟರ್ನೆಟ್ ಇದ್ರೆ ಸಾಕು.

(9/9)

ಈಗ ಏನು ಬದಲಾಗಿದೆ?

ಪ್ರತಿ ಗುರುವಾರ ಬ್ಯಾಟರಿ ಚಾರ್ಜ್. ಕ್ಯಾಲೆಂಡರಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯೋ ಜಾಗದ ಪಕ್ಕ ನಾನು ವೋಲ್ಟ್ ಬರೀತೀನಿ. ನಾನು ಹಾಸ್ಟೆಲಲ್ಲಿದ್ರೆ ಆ ಕೆಲಸ ಅಮ್ಮನದ್ದು. 40 ಮೀಟರ್ ತಂತಿ ಎಳೆದಾಯ್ತು. ಈ ಸಲ ಮರ ಹತ್ತಿದೋರ ಮಾತು ಕೇಳಿ, ಅವರು ಹೇಳಿದ ಮರಕ್ಕೇ ಕಟ್ಟಿಸಿದೆ.

ಸಾಗರದ ಹತ್ತಿರ ಒಬ್ಬ ನಿವೃತ್ತ ಮೇಷ್ಟ್ರು ಹ್ಯಾಮ್ ಅಂತ ಗೊತ್ತಾಯ್ತು. ನಾನು ಊರಲ್ಲಿರೋ ದಿನ ರಾತ್ರಿ ಎಂಟೂವರೆಗೆ 80 ಮೀಟರಲ್ಲಿ ಸೇರ್ತೀವಿ. ಮಾತು ಇಷ್ಟೇ:

"ಕರೆಂಟ್ ಇದೆಯೇನಮ್ಮಾ?"
"ಇದೆ ಸರ್."
"ಮಳೆ?"
"ಜೋರು ಸರ್."
"ಎಲ್ಲ ಆರಾಮಾ? ಸರಿ. 73."

73 ಅಂದ್ರೆ ಹ್ಯಾಮ್ ಭಾಷೆಯಲ್ಲಿ ಶುಭಾಶಯ. ಎಲ್ಲ ಸೇರಿ ಒಂದು ನಿಮಿಷವೂ ಆಗಲ್ಲ. ರೀಲ್ ಮಾಡೋಕೆ ಇದರಲ್ಲಿ ಏನೂ ಇಲ್ಲ. ಆದ್ರೆ ನನ್ನ ಲಾಗ್ ಪುಸ್ತಕದಲ್ಲಿ ಜಪಾನಿಗಿಂತ, ಇಟಲಿಗಿಂತ ದೊಡ್ಡ ಸಂಪರ್ಕ ಇದು. ಒಂದು ದಿನ ನಾನು ಬರದಿದ್ರೆ ಮೇಷ್ಟ್ರು ಮಾರನೇ ದಿನ ಕೇಳ್ತಾರೆ, "ನಿನ್ನೆ ಯಾಕಮ್ಮಾ ಕಾಣಲಿಲ್ಲ?" ಹೋದ ತಿಂಗಳು ದೊಡ್ಡಮ್ಮ ಪಕ್ಕದಲ್ಲಿ ಕೂತು ಪೂರ್ತಿ ಕೇಳಿದ್ರು. "ಇಷ್ಟೇನಾ?" ಅಂದ್ರು. ಇಷ್ಟೇ ದೊಡ್ಡಮ್ಮ.

ಹಂಗಾಗಿ ಕ್ಲಾಸಿನೋರಿಗೆ, ಸೊರಬ, ಶಿಕಾರಿಪುರ, ಸಾಗರ, ಶಿರಸಿ ಕಡೆಯ ಫಾಲೋವರ್ಸ್‌ಗೆ ನನ್ನದೊಂದು ಕೋರಿಕೆ. ಸೆಟ್ ತಗೊಳ್ಳೋ ಯೋಚನೆ ಆಮೇಲೆ. ಇವತ್ತು ಒಂದು ಅರ್ಧ ಗಂಟೆ ವೆಬ್‌ಎಸ್‌ಡಿಆರ್‌ನಲ್ಲಿ ಕೇಳಿ. ಹಿಡಿಸಿದ್ರೆ ಪರೀಕ್ಷೆಗೆ ಓದಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್, ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಥರದ ಸಂಸ್ಥೆಗಳಿವೆ, ಹೊಸಬರಿಗೆ ದಾರಿ ತೋರಿಸ್ತಾರೆ. ನನ್ನ ನೋಟ್ಸ್ ಬೇಕಂದ್ರೆ ಕಳಿಸ್ತೀನಿ, ಕನ್ನಡದಲ್ಲೇ ಬರ್ಕೊಂಡಿದೀನಿ.

ಮುಂದಿನ ಪುಷ್ಯ ಮಳೆಯೊಳಗೆ ಸೊರಬದಲ್ಲಿ ಒಬ್ಬರು, ಶಿಕಾರಿಪುರದಲ್ಲಿ ಒಬ್ಬರು ಲೈಸೆನ್ಸ್ ತಗೊಂಡ್ರೆ ಸಾಕು. ದೊಡ್ಡಪ್ಪನ ಪ್ರಶ್ನೆಗೆ ಆಗ ಬೇರೆ ಉತ್ತರ ಕೊಡಬಹುದು.

ನಾನು ಎಂಟೂವರೆಗೆ ಕೇಳ್ತಾ ಇರ್ತೀನಿ. 73.

#ಗುಡವಿ #ಸೊರಬ #ಶಿಕಾರಿಪುರ #ಹ್ಯಾಮ್‌ರೇಡಿಯೋ #ರೇಡಿಯೋಡೈರಿ #ಮಲೆನಾಡು